ಛತ್ರುವಿನಲ್ಲಿ ಹಗ್ಗ ಹಿಡಿದವರ ಚಳಿ

ಮನಾಲಿಯಿಂದ ಹೊರಟು 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿದರೆ ಲಾಹೌಲ್. ಈ ಕಡೆ ದೇವದಾರು, ಮಳೆ, ಹಸಿರು. ಆ ಕಡೆ ಬೋಳು ಬೆಟ್ಟ, ಒಣ ಗಾಳಿ. ಕೋಕ್ಸರ್, ಗ್ರಾಂಫು ದಾಟಿ ಕುಲುಕಾಡುತ್ತಾ ಹೋದರೆ ಚಂದ್ರಾ ನದಿಯ ದಂಡೆಯಲ್ಲಿ ಛತ್ರು. ಎತ್ತರ ಸುಮಾರು 3,300 ಮೀಟರ್. ಬಂಡೆ ಹತ್ತುವವರು ಬೇಸಿಗೆಯಲ್ಲಿ ಇಲ್ಲಿ ಡೇರೆ ಹಾಕುತ್ತಾರೆ. ನಾವು ಹೋದದ್ದು ಸೆಪ್ಟೆಂಬರ್‌ನಲ್ಲಿ.

ರಾಮನಗರ, ತುರಹಳ್ಳಿಯಲ್ಲಿ ಹತ್ತುವಾಗ ಒಂದು ಟೀ ಶರ್ಟ್ ಸಾಕು. ಅಲ್ಲಿ ಬಿಸಿಲಿನದ್ದೇ ಚಿಂತೆ. ಇಲ್ಲಿ ಬಿಸಿಲಲ್ಲಿ ಬೆವರುತ್ತದೆ, ನೆರಳು ಬಿದ್ದ ಕೂಡಲೇ ನಡುಕ ಬರುತ್ತದೆ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಬೇರೆ ಏಳುತ್ತದೆ.

ಗೆಳತಿ ಒಂದು ಉದ್ದನೆಯ ಬಿರುಕು ಹಿಡಿದು ಮೇಲೇರುತ್ತಿದ್ದಳು. ಒಳಗೆ ತೆಳು ಉಣ್ಣೆ ಅಂಗಿ, ಮೇಲೆ ಗಾಳಿ ತಡೆಯುವ ತೆಳ್ಳನೆ ಜಾಕೆಟ್. ಅಷ್ಟರಲ್ಲೇ ಅವಳಿಗೆ ಸೆಕೆ! ಕೆಳಗೆ ಬಿಲೇ ಮಾಡುತ್ತಿದ್ದ, ಅಂದರೆ ಅವಳು ಜಾರಿದರೆ ತಡೆಯಲು ಹಗ್ಗ ಹಿಡಿದಿದ್ದ ನಾನು ಫ್ಲೀಸ್ (ಮೆತ್ತನೆಯ ಬೆಚ್ಚನೆ ಬಟ್ಟೆಯ ಅಂಗಿ), ಹಕ್ಕಿಯ ಮೃದು ಪುಕ್ಕ ತುಂಬಿದ ಡೌನ್ ಜಾಕೆಟ್ ಎರಡನ್ನೂ ಹಾಕಿ, ಟೋಪಿ ಎಳೆದುಕೊಂಡು ನಿಂತಿದ್ದೆ. ಹತ್ತುವವರಿಗೆ ಮೈಯೇ ಬಿಸಿ ಕೊಡುತ್ತದೆ. ಹಗ್ಗ ಹಿಡಿದವರು ಕದಲುವ ಹಾಗಿಲ್ಲ. ಬೆರಳು ಮರಗಟ್ಟಿದರೆ ಮೇಲಿರುವವರ ಜೀವಕ್ಕೇ ಅಪಾಯ, ಅಲ್ವಾ? ಅದಕ್ಕೇ ಬಟ್ಟೆ ಆರಿಸುವಾಗ ಮೊದಲು ನಿಂತವರ ಲೆಕ್ಕ ಹಾಕಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೈಗೆ ತಾಗುವ ಅಂಗಿ ಮಾತ್ರ ಹತ್ತಿಯದ್ದು ಬೇಡ. ಅದು ಬೆವರು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ, ಗಾಳಿ ಬೀಸಿದಾಗ ಮೈ ಕೊರೆಯುತ್ತದೆ. ಮೆರಿನೋ ಉಣ್ಣೆ ಇಲ್ಲವೇ ಪಾಲಿಯೆಸ್ಟರ್ ಒಳ್ಳೆಯದು. ಫ್ಲೀಸ್ ತೀರಾ ದಪ್ಪ ಇರಬಾರದು, ತೋಳು ಮೇಲೆತ್ತಿದಾಗ ಬಿಗಿಯುತ್ತದೆ.

ಜಾಕೆಟ್ ಕೊಳ್ಳುವಾಗ ಹಾರ್ನೆಸ್ (ಹಗ್ಗ ಕಟ್ಟಲು ಸೊಂಟಕ್ಕೆ, ತೊಡೆಗೆ ಹಾಕುವ ಪಟ್ಟಿ), ಹೆಲ್ಮೆಟ್ ಎರಡನ್ನೂ ತೊಟ್ಟು ನೋಡಿ. ಕೈ ಎತ್ತಿದರೆ ಜಾಕೆಟ್‌ನ ಅಂಚು ಹಾರ್ನೆಸ್‌ನಿಂದ ಕಿತ್ತು ಬರಬಾರದು. ಜಾಕೆಟ್‌ಗೇ ಹೊಲಿದಿರುವ ಟೋಪಿ ಹೆಲ್ಮೆಟ್ ಮೇಲೆ ಸಲೀಸಾಗಿ ಕೂರಬೇಕು. ಅಂಗಡಿಯ ಕನ್ನಡಿ ಮುಂದೆ ಸುಮ್ನೆ ನಿಂತರೆ ಇದು ಗೊತ್ತಾಗುವುದಿಲ್ಲ.

ಮರುದಿನ ಹಲವು ಪಿಚ್‌ಗಳ (ಒಂದೊಂದು ಹಗ್ಗದಳತೆಯೊಳಗಿನ ಹಂತಗಳ) ದಾರಿಗೆ ಡೌನ್ ಜಾಕೆಟನ್ನು ಅದರ ಚೀಲಕ್ಕೆ ತುರುಕಿ ಹಾರ್ನೆಸ್‌ಗೆ ತೂಗುಹಾಕಿಕೊಂಡೆವು. ಆಂಕರ್ (ಬಂಡೆಗೆ ಹಗ್ಗ ಭದ್ರಪಡಿಸುವ ಜಾಗ) ತಲುಪಿ, ತನ್ನನ್ನು ಕಟ್ಟಿಕೊಂಡ ಮೇಲೆ ಗೆಳತಿ ಮೊದಲು ತೊಟ್ಟದ್ದು ಅದನ್ನೇ, ಮೈ ಆರುವ ಮುಂಚೆ. ಆಮೇಲೆ ನನಗಾಗಿ ಹಗ್ಗ ಎಳೆದಳು.

ಲಾಹೌಲ್ ಮಳೆನೆರಳಿನ ನಾಡು, ಹಾಗಾಗಿ ಡೌನ್ ನಡೆಯುತ್ತದೆ. ಮಳೆ ಜಾಸ್ತಿ ಇರುವ ಬೆಟ್ಟಕ್ಕಾದರೆ ನಾನು ಸಿಂಥೆಟಿಕ್ ತುಂಬಿದ್ದನ್ನೇ ಒಯ್ಯುತ್ತೇನೆ. ಡೌನ್ ನೆನೆದರೆ ಮುದ್ದೆಯಾಗುತ್ತದೆ, ಚಳಿ ತಡೆಯುವುದಿಲ್ಲ.