ಮೋಲ್ಡ್ ನೋಯುತ್ತೆ, ಅಭ್ಯಾಸ ಆಗುತ್ತಾ?

ಹಿಯರಿಂಗ್ ಏಡ್ ಹಾಕುವವರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಇದು: "ಹೊಸ ಮೋಲ್ಡ್ ಕಿವಿ ನೋಯಿಸುತ್ತೆ. ಹಾಕ್ತಾ ಹಾಕ್ತಾ ಸರಿಹೋಗುತ್ತಾ?" ಮೋಲ್ಡ್ ಅಂದರೆ ನಮ್ಮ ಕಿವಿಯ ಅಳತೆ ತೆಗೆದು ಮಾಡಿದ, ಏಡ್‌ನ ಸದ್ದನ್ನು ಕಿವಿಯೊಳಗೆ ಒಯ್ಯುವ ಅಚ್ಚು.

ಕಿವಿ ಕಟ್ಟಿದಂತೆ, ನಮ್ಮದೇ ಮಾತು ಡಬ್ಬದೊಳಗಿಂದ ಬಂದಂತೆ ಅನಿಸುವುದು ಬೇರೆ. ಅದು ದಿನ ಕಳೆದಂತೆ ಒಗ್ಗಬಹುದು, ಮೋಲ್ಡ್‌ನಲ್ಲಿರುವ ಗಾಳಿಯ ತೂತು ದೊಡ್ಡದು ಮಾಡಿದರೂ ತಗ್ಗಬಹುದು. ನೋವು ಒಗ್ಗುವಂಥದ್ದಲ್ಲ. ನನಗೂ ಒಬ್ಬರು "ಅಭ್ಯಾಸ ಆಗುತ್ತೆ" ಅಂದಿದ್ದರು. ಎರಡು ತಿಂಗಳು ಹಲ್ಲು ಕಚ್ಚಿ ಹಾಕಿಕೊಂಡೆ, ಕಿವಿಯ ಮೇಲಿನ ಮಡಿಕೆಯಲ್ಲಿ ಹುಣ್ಣಾಯಿತು. ಕೊನೆಗೆ ಬೇರೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಆ ಕೆಂಪು ಗುರುತು ನೋಡಿ, ಮೋಲ್ಡ್‌ನ ಅದೇ ಜಾಗವನ್ನು ಉಜ್ಜಿ ಕೊಟ್ಟರು. ಐದು ನಿಮಿಷದ ಕೆಲಸ! ಅದಕ್ಕೇ ಹೇಳುವುದು, ತೋರಿಸಲು ಹೋಗುವ ಮುಂಚೆ ಒಂದೆರಡು ಗಂಟೆ ಹಾಕಿಕೊಂಡಿರಿ. ಎಲ್ಲಿ ಒತ್ತುತ್ತದೆ ಅಂತ ಕಿವಿಯೇ ತೋರಿಸುತ್ತದೆ. ಹುಣ್ಣಾಗಿದ್ದರೆ ಮಾತ್ರ ಬೇಡ. ಗಟ್ಟಿ ಅಕ್ರಿಲಿಕ್ ಆದರೆ ಉಜ್ಜುವುದು ಸುಲಭ. ಮೆತ್ತನೆ ಸಿಲಿಕೋನ್ ಆದರೆ ಕಷ್ಟ, ಎಷ್ಟೋ ಸಲ ಹೊಸದೇ ಮಾಡಿಸಬೇಕು.

ಅದಕ್ಕೂ ಮೊದಲು ಕನ್ನಡಿ ನೋಡಿ. ಮೇಲಿನ ಕೊಂಡಿಯಂಥ ಭಾಗ ಕಿವಿಯ ಮಡಿಕೆಯೊಳಗೆ ಸೇರದೆ ಹೊರಗೇ ಕೂತಿದ್ದರೂ ಹೀಗೇ ನೋಯುತ್ತದೆ. ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು, ಮೋಲ್ಡನ್ನು ಸ್ವಲ್ಪ ತಿರುಗಿಸಿ ಕೂರಿಸಬೇಕು.

ಇನ್ನು ಊಟ ಮಾಡುವಾಗ ಮಾತ್ರ ಕುಂಯ್ ಅನ್ನುವ ಮೋಲ್ಡ್. ಇದರ ಮೂಲ ಸಾಮಾನ್ಯವಾಗಿ ಅಳತೆ ತೆಗೆದ ದಿನದಲ್ಲೇ ಇರುತ್ತದೆ. ಕಿವಿಯೊಳಗೆ ದಾರ ಕಟ್ಟಿದ ಪುಟ್ಟ ಹತ್ತಿಯುಂಡೆ ಇಟ್ಟು, ಸಿರಿಂಜಿನಿಂದ ತಣ್ಣನೆ ಸಿಲಿಕೋನ್ ತುಂಬುತ್ತಾರೆ; ಲೋಕದ ಸದ್ದೆಲ್ಲ ಮೆಲ್ಲಗೆ ಮುಚ್ಚಿಹೋಗುತ್ತದೆ. ಗಟ್ಟಿಯಾಗುವವರೆಗಿನ ಆ ಕೆಲವು ನಿಮಿಷ ನಾವು ಶಿಸ್ತಾಗಿ ಬಾಯಿ ಮುಚ್ಚಿ ಕೂರುತ್ತೇವೆ. ಆದರೆ ದವಡೆ ಆಡಿದಾಗ ಕಿವಿಯ ನಾಳದ ಆಕಾರ ಬದಲಾಗುತ್ತದೆ. ಮುಚ್ಚಿದ ಬಾಯಿಯ ಅಳತೆಯ ಮೋಲ್ಡ್ ಅಗಿಯುವಾಗ ಸಡಿಲವಾಗಿ, ಸದ್ದು ಸೋರಿ ಏಡ್‌ನ ಮೈಕಿಗೆ ವಾಪಸ್ಸಾಗಿ ಕುಂಯ್ ಅನ್ನುತ್ತದೆ. ಬಾಯಿ ತೆರೆಸಿ ಅಳತೆ ತೆಗೆಯುತ್ತೀರಾ, ಅಥವಾ ದವಡೆ ಆಡಿಸಲಾ ಅಂತ ಶುರುವಿನಲ್ಲೇ ಕೇಳಿಬಿಡಿ. ನನ್ನ ಈಗಿನ ಆಡಿಯಾಲಜಿಸ್ಟ್ ಹಲ್ಲಿನ ನಡುವೆ ಒಂದು ತುಂಡು ಕಚ್ಚಿಸಿ ಕೂರಿಸಿದರು. ಜೊಲ್ಲು ಸುರಿಯಿತು, ನಗು ಬಂತು. ಆ ಮೋಲ್ಡ್ ಮಾತ್ರ ಊಟದ ಹೊತ್ತಿಗೂ ಸುಮ್ಮನಿರುತ್ತದೆ.