ಎಂ.ಎ. ಮುಗಿದ ಮೇಲೆ ಮುಂದೇನು?

ಇತಿಹಾಸದಲ್ಲೋ ಸಾಹಿತ್ಯದಲ್ಲೋ ಎಂ.ಎ., ಪಿಎಚ್.ಡಿ. ಮಾಡಿದವರನ್ನು ಕಂಡ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಮೇಷ್ಟ್ರಾಗ್ತೀರಾ? ಅದಕ್ಕೆ ಬೇಸರವಿಲ್ಲ. ಆದರೆ ಎಷ್ಟೋ ವಿಭಾಗಗಳೂ ಹಾಗೇ ಯೋಚಿಸುತ್ತವಲ್ಲ, ಅದು ಬೇಸರ. ಹೊರಬರುವ ಪಿಎಚ್.ಡಿ.ಗಳಿಗೆ ಹೋಲಿಸಿದರೆ ಕಾಯಂ ಬೋಧನಾ ಹುದ್ದೆಗಳು ತೀರಾ ಕಡಿಮೆ. ಸೇರುವಾಗ ಇದನ್ನು ಬಾಯಿಬಿಟ್ಟು ಹೇಳುವವರು ಇನ್ನೂ ಕಡಿಮೆ.

ಹಾಗಂತ ಓದಿದ್ದು ದಂಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ರಾಶಿ ಹಳೇ ಕಾಗದ ಓದಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸುವುದು, ಎದುರಿಗಿರುವವರಿಗೆ ಸರಿಯಾದ ಪ್ರಶ್ನೆ ಕೇಳುವುದು, ಗೋಜಲಾದ ವಿಷಯವನ್ನು ನಾಲ್ಕು ಪುಟದಲ್ಲಿ ಬಿಡಿಸಿ ಬರೆಯುವುದು, ಇವೆಲ್ಲ ಪತ್ರಾಗಾರಕ್ಕೂ ಬೇಕು, ಪ್ರಕಾಶನಕ್ಕೂ ಬೇಕು, ಬಳಕೆದಾರರ ಬಗ್ಗೆ ಸಂಶೋಧನೆ ಮಾಡಿಸುವ ಸಾಫ್ಟ್‌ವೇರ್ ಕಂಪನಿಗಳಿಗೂ ಬೇಕು. ಲಿಂಕ್ಡ್‌ಇನ್ ಎಂಬ ಉದ್ಯೋಗ ಸಂಪರ್ಕದ ಜಾಲತಾಣದ ಸ್ಥಾಪಕರಲ್ಲಿ ಒಬ್ಬರಾದ ರೀಡ್ ಹಾಫ್‌ಮನ್ 1993ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದವರು. ಆಫೀಸಿನವರು ಪರಸ್ಪರ ಸಂದೇಶ ಕಳಿಸಲು ಬಳಸುವ ಸ್ಲ್ಯಾಕ್ ಕಟ್ಟಿದ ಸ್ಟೂವರ್ಟ್ ಬಟರ್‌ಫೀಲ್ಡ್ ಓದಿದ್ದೂ ತತ್ವಶಾಸ್ತ್ರವೇ. ಎಲ್ಲರೂ ಕಂಪನಿ ಕಟ್ಟಬೇಕಿಲ್ಲ ಬಿಡಿ. ನೆಮ್ಮದಿಯ ಸಂಬಳದ, ಓದಿದ್ದು ಉಪಯೋಗಕ್ಕೆ ಬರುವ ಕೆಲಸ ಸಿಕ್ಕರೆ ಸಾಕು.

ಅದಕ್ಕೆ ಮೊದಲ ವರ್ಷದಿಂದಲೇ ಸಂಬಳ ಕೊಡುವ ಇಂಟರ್ನ್‌ಶಿಪ್, ಬೋಧನೆಯ ಹೊರಗೆ ಕೆಲಸ ಮಾಡುತ್ತಿರುವ ಹಳೇ ವಿದ್ಯಾರ್ಥಿಗಳ ಪರಿಚಯ, ಇಷ್ಟನ್ನಾದರೂ ಗೈಡ್‌ಗಳು ಮಾಡಿಸಿಕೊಡಬಹುದು, ಅಲ್ವಾ? ಓದುತ್ತಿರುವವರೇ, ಪ್ರಬಂಧ ಮುಗಿಯುವವರೆಗೆ ಸುಮ್ನೆ ಕಾಯಬೇಡಿ, ಈಗಲೇ ನೀವೇ ಹೋಗಿ ಕೇಳಿ.