ಹಳೇ ಗಾಡಿ ಇಂಜಿನ್‌ಗೆ ನೀರು ಹೊಡೆಯೋ ಮುಂಚೆ

ನಮ್ ಗ್ಯಾರೇಜಲ್ಲಿ ಇಂಜಿನ್ ವಾಷ್‌ಗೂ ಟಾರ್ಗೆಟ್ ಇದೆ. ಗಾಡಿಗೆ ಬೇಕೋ ಬೇಡ್ವೋ, ಜಾಬ್ ಕಾರ್ಡಲ್ಲಿ ಟಿಕ್ ಬೀಳ್ಬೇಕು, ಇಲ್ಲಾಂದ್ರೆ ಸಂಜೆ ಮೀಟಿಂಗಲ್ಲಿ ಮಂಗಳಾರತಿ. ಹಂಗೇ 20 ವರ್ಷ ದಾಟಿದ ಕಾರ್ಬುರೇಟರ್ ಮಾರುತಿ 800ಕ್ಕೂ ಟಿಕ್ ಹಾಕ್ದೆ. ಬಾನೆಟ್ ಎತ್ತಿದ್ರೆ ಆಯಿಲ್ ಮೇಲೆ ಧೂಳು ಕೂತು ಹೆಪ್ಪುಗಟ್ಟಿತ್ತು, ವೈಪರ್ ಕೆಳಗೆಲ್ಲಾ ಹೊಂಗೆ ಎಲೆ. ವಾಷಿಂಗ್ ಹುಡುಗ ಪ್ರೆಶರ್ ಗನ್ ಹಿಡ್ದು ಫಳಫಳ ಅನ್ನಿಸ್ಬಿಟ್ಟ.

ಡೆಲಿವರಿ ಟೈಮಿಗೆ ಸ್ಟಾರ್ಟೇ ಆಗ್ಲಿಲ್ಲ. ಯಜಮಾನ್ರು ಫ್ಯಾಮಿಲಿ ಸಮೇತ ನಿಂತಿದಾರೆ, ಹಾಸನಕ್ಕೆ ಮದುವೆಗೆ ಹೋಗ್ಬೇಕು, "ಬೆಳಗ್ಗೆ ನಾನೇ ಓಡಿಸ್ಕೊಂಡು ಬಂದ್ನಲ್ಲಪ್ಪಾ" ಅಂತಾರೆ, ನಾನು ಪೆಟ್ರೋಲ್ ಓವರ್ ಆಗಿದೆ, ಅಂದ್ರೆ ಇಂಜಿನ್‌ಗೆ ಜಾಸ್ತಿ ಹೋಗಿದೆ ಅನ್ಕೊಂಡು ಆಕ್ಸಿಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀತಾನೇ ಇದೀನಿ, ಬ್ಯಾಟರಿ ಇಳ್ದು ಕಟ್ ಕಟ್ ಅನ್ನೋವರ್ಗೂ. ಕಿಡಿ ಹೊತ್ತಿಸೋ ಸ್ಪಾರ್ಕ್ ಪ್ಲಗ್ ಬಿಚ್ಚಿದ್ರೆ ಒದ್ದೆ. ನೋಡಿದ್ರಾ, ಓವರೇ ಅಂದೆ. ಕರೆಂಟ್ ಬರ್ದೇ ಇದ್ರೂ ಉರೀದಿರೋ ಪೆಟ್ರೋಲಿಂದ ಪ್ಲಗ್ ಒದ್ದೆ ಆಗತ್ತೆ ಅನ್ನೋದು ತಲೆಗೇ ಬರ್ಲಿಲ್ಲ. ಹಿರೇ ಮೇಸ್ತ್ರಿ ಬಂದು ಮಾತೇ ಆಡ್ದೆ ಡಿಸ್ಟ್ರಿಬ್ಯೂಟರ್ (ಒಂದೊಂದು ಪ್ಲಗ್‌ಗೂ ಕರೆಂಟ್ ಹಂಚೋದು) ಕ್ಯಾಪ್ ತೆಗೆದ್ರು, ಒಳಗೆಲ್ಲಾ ಸಣ್ಣ ಸಣ್ಣ ನೀರಿನ ಹನಿ. ಒಣಬಟ್ಟೇಲಿ ಒರ್ಸಿ, ಕಂಪ್ರೆಸರ್ ಗಾಳಿ ಹೊಡ್ದು, ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಮೇಲೆ ಮೊದ್ಲು ಎರಡೇ ಸಿಲಿಂಡರಲ್ಲಿ ಇಡೀ ಗಾಡಿ ಗಡಗಡ ಅಲ್ಲಾಡ್ತು, ಆಮೇಲೆ ಮೂರ್ನೇದೂ ಸೇರ್ಕೊಳ್ತು. "ಮಗೂಗೆ ನೀರು ಹುಯ್ಯೋ ಮುಂಚೆ ಕಿವಿ ಮುಚ್ಚಲ್ವೇನೋ" ಅಂದ್ರು, ಅಷ್ಟೇ. ವಾಷ್ ಚಾರ್ಜ್ ಬಿಡಿ ಸಾರ್ ಅಂದ್ರೆ ಮ್ಯಾನೇಜರ್ ಒಪ್ಲಿಲ್ಲ, ಇಂಜಿನ್‌ಗೆ ಹೊಳಪು ಬರೋಕೆ ಹಚ್ಚೋ ಡ್ರೆಸ್ಸಿಂಗ್ ಫ್ರೀ ಅಂತ ಬರ್ಕೊಟ್ರು.

ಈಗ ಹಳೇ ಗಾಡಿ ಬಂದ್ರೆ ಗನ್ ಮುಟ್ಟಕ್ಕೇ ಬಿಡಲ್ಲ. ಇಂಜಿನ್ ಉಗುರುಬೆಚ್ಚಗಿರ್ಬೇಕು, ಸುಡೋವಾಗ ಬೇಡ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಡಿಸ್ಟ್ರಿಬ್ಯೂಟರ್, ಡೈನಮೋ, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಜಿಡ್ಡು ಬಿಡ್ಸೋ ಡಿಗ್ರೀಸರ್ ಹಾಕಿ ಬ್ರಷ್ಷಲ್ಲಿ ಉಜ್ಜಿ, ಒದ್ದೆ ಬಟ್ಟೇಲಿ ಒರ್ಸಿದ್ರೆ ಸಾಕು. ಎಂಪಿಎಫ್‌ಐ (ಕಾರ್ಬುರೇಟರ್ ಬದ್ಲು ಇಂಜೆಕ್ಟರ್ ಪೆಟ್ರೋಲ್ ಸಿಂಪಡ್ಸೋ ಗಾಡಿ) ಆದ್ರೆ ಸೆನ್ಸರ್ ವೈರ್ ಸೇರೋ ಕಪ್ಲರ್‌ಗಳನ್ನೂ ಮುಚ್ಚಿ, ಬಿಚ್ಚಕ್ಕೆ ಹೋಗ್ಬೇಡಿ, ಹಳೇ ಪ್ಲಾಸ್ಟಿಕ್ಕು, ಎಳೆದ್ರೆ ಲಾಕ್ ಮುರಿಯತ್ತೆ. ಕೆಲವ್ರು ಡೀಸೆಲ್ ಸ್ಪ್ರೇ ಹೊಡೀತಾರೆ, ರಬ್ಬರ್ ಹೋಸ್ ಊದ್ಕೊಳತ್ತೆ, ಬೆಂಕಿ ಭಯ ಬೇರೆ.

ಬರೀ ಧೂಳಾದ್ರೆ ಗಾಳಿ ಹೊಡ್ದು ಎಲೆ ತೆಗೆದು ಬಿಟ್ಬಿಡಿ. ಆಯಿಲ್ ಲೀಕ್ ಎಲ್ಲಿಂದ ಅಂತ ಹುಡುಕ್ಬೇಕಾದ್ರೆ ಮಾತ್ರ ಕ್ಲೀನ್ ಮಾಡೋದಕ್ಕೆ ಅರ್ಥ ಇದೆ, ಒರ್ಸಿ ಎರಡು ದಿನ ಓಡ್ಸಿ ನೋಡಿದ್ರೆ ಇಂಜಿನ್ ಮೇಲಿನ ಮುಚ್ಚಳ, ಅಂದ್ರೆ ಟ್ಯಾಪೆಟ್ ಕವರ್‌ನ ಪ್ಯಾಕಿಂಗೋ ಇನ್ನೆಲ್ಲೋ ಗೊತ್ತಾಗತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಇಂಜಿನ್ ಮಿರಮಿರ ಮಿಂಚ್ತಿದ್ರೆ ಖುಷಿ ಪಡ್ಬೇಡಿ, ಲೀಕ್ ಮುಚ್ಚಿಡೋಕೆ ತೊಳ್ದಿರ್ಬಹುದು, ಆ ಟ್ಯಾಪೆಟ್ ಕವರ್ ಕೆಳಗೆ, ಹಿಂದಗಡೆ, ಬೆರಳು ಆಡ್ಸಿ ನೋಡಿ.